ಎಣಿಸಿದ್ದು ಬೆರಳಿನಲ್ಲೋ, ತಲೆಯಲ್ಲೋ?

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಊರಿಗೆ ಬಂದಿದ್ದಳು. ಏಳನೆಯ ತರಗತಿ ಮುಗಿಸಿದ ಹುಡುಗಿ. ಹೊತ್ತು ನೆತ್ತಿಗೇರಿತ್ತು. ಚಾವಡಿಯಲ್ಲಿ ಚಾಪೆ ಹಾಸಿಕೊಂಡು ಮಾರ್ಕ್ ಟ್ವೇನ್ ಬರೆದ ‘ಟಾಮ್ ಸಾಯರ್’ ಓದುತ್ತಿದ್ದವಳು ತಲೆಯೆತ್ತಿ, “ಅಜ್ಜಾ, ಈ ಪುಸ್ತಕದ ಹುಡುಗರು ಮಾತು ಮಾತಿಗೆ ‘ಐ ರೆಕನ್’ ಅನ್ನುತ್ತಾರಲ್ಲ, ಹಾಗೆಂದರೇನು?” ಎಂದು ಕೇಳಿದಳು.

ನನಗೆ ಖುಷಿಯೋ ಖುಷಿ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಆ ಶಬ್ದ ಗೊತ್ತಿಲ್ಲದೆ ಇರುತ್ತದೆಯೇ? “ರೆಕನ್ ಎಂದರೆ ಲೆಕ್ಕ ಹಾಕು. ನಮ್ಮ ಮೇಜಿನ ಮೇಲೆ ರೆಡಿ ರೆಕನರ್ ಎಂಬ ಪುಸ್ತಕ ಸದಾ ಇರುತ್ತಿತ್ತು” ಎಂದೆ.

ಅವಳು ಪುಸ್ತಕದ ಕೊನೆಯಲ್ಲಿದ್ದ ಶಬ್ದಾರ್ಥದ ಪಟ್ಟಿ ತಿರುವಿ, “ಇಲ್ಲ ಅಜ್ಜ, ಇಲ್ಲಿ ‘ಅಂದುಕೊಳ್ಳು, ಭಾವಿಸು’ ಎಂದಿದೆ. ಈ ಟಾಮ್ ಲೆಕ್ಕ ಮಾಡುವುದೆಲ್ಲಿಂದ ಬಂತು? ಅವನಿಗೆ ಶಾಲೆಯೆಂದರೇ ಆಗುವುದಿಲ್ಲ!” ಎಂದಳು.

ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು: “ಊಟಕ್ಕೆ ಕರೆದು ಅರ್ಧ ಗಂಟೆಯಾಯಿತು. ಈಗ ಬರುತ್ತೀರಿ, ಆಗ ಬರುತ್ತೀರಿ ಎಂದು ನಾನು ಎಣಿಸಿದರೆ, ಇಲ್ಲಿ ನಿಮ್ಮ ಮಾತೇ ಮುಗಿಯುವ ಹಾಗೆ ಕಾಣುವುದಿಲ್ಲ!”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಘಟ್ಟದ ಮೇಲಿನವರು ‘ಅಂದುಕೊಂಡೆ’ ಎನ್ನುವ ಕಡೆ ಕರಾವಳಿಯವರಾದ ನಾವು ‘ಎಣಿಸಿದೆ’ ಎನ್ನುತ್ತೇವೆ. ನೋಟು ಎಣಿಸುವುದೂ ಎಣಿಸುವುದೇ, ಮನಸ್ಸಿನಲ್ಲಿ ಅಂದುಕೊಳ್ಳುವುದೂ ಎಣಿಸುವುದೇ. ಹಾಗಾದರೆ ಅಜ್ಜ ಹೇಳಿದ್ದೂ ಸರಿ, ಮೊಮ್ಮಗಳು ಹೇಳಿದ್ದೂ ಸರಿ. ನಮ್ಮಿಬ್ಬರ ವ್ಯಾಜ್ಯವನ್ನು ಅಜ್ಜಿ ತನಗೇ ಗೊತ್ತಿಲ್ಲದೆ ತೀರ್ಮಾನಿಸಿಬಿಟ್ಟಿದ್ದಳು.

ನಾನು ಬಿ.ಕಾಂ. ಓದಿದವನು, ಭಾಷಾಶಾಸ್ತ್ರ ಓದಿದವನಲ್ಲ. ಆದರೆ ನಿವೃತ್ತನಿಗೆ ನಿಘಂಟು ಒಳ್ಳೆಯ ಜೊತೆ. ಅವತ್ತಿನಿಂದ ಈ ಶಬ್ದದ ಹಿಂದೆ ಬಿದ್ದು ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಕೊನೆಗೆ ನನ್ನದೇ ಒಂದು ತಪ್ಪಿನ ಕಥೆಯೂ ಇದೆ.

ನೆಟ್ಟಗಿನ ಮಾತು

ಆರ್, ಇ, ಸಿ, ಕೆ, ಓ, ಎನ್. ಇಷ್ಟೇ ಅಕ್ಷರ. ಆದರೆ ಈ ಶಬ್ದಕ್ಕೆ ಸಾವಿರ ವರ್ಷಕ್ಕೂ ಮೇಲೆ ವಯಸ್ಸಾಗಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷನ್ನು ಇಂದಿನ ಇಂಗ್ಲಿಷರೇ ಓದಲಾರರು. ನಮಗೆ ಹಳಗನ್ನಡ ಕಷ್ಟವಾಗುವುದಕ್ಕಿಂತಲೂ ಅದು ಅವರಿಗೆ ಕಷ್ಟ. ಆ ಹಳೆಯ ಇಂಗ್ಲಿಷಿನಲ್ಲಿ ‘ಗೆರೆಕೆನಿಯನ್’ ಎಂಬ ಕ್ರಿಯಾಪದವಿತ್ತು. ಒಂದೊಂದಾಗಿ ವಿವರಿಸು ಎಂಬುದು ಅದರ ಅರ್ಥ. ಒಂದೊಂದಾಗಿ ಹೇಳುತ್ತಾ ಹೋದರೆ ಎಣಿಸಿದ ಹಾಗೇ ಆಯಿತಲ್ಲವೇ? ಹೀಗೆ ಅದು ‘ಎಣಿಸು, ಲೆಕ್ಕ ಹಾಕು’ ಎಂದಾಯಿತು. ಅಕ್ಕಪಕ್ಕದ ದೇಶಗಳಲ್ಲಿ ಅದರ ಅಣ್ಣತಮ್ಮಂದಿರು ಇಂದಿಗೂ ಇದ್ದಾರೆ. ಜರ್ಮನ್ ಭಾಷೆಯಲ್ಲಿ ‘ರೆಖ್ನೆನ್’ ಎಂದರೆ ಲೆಕ್ಕ ಮಾಡು. ಡಚ್ ಭಾಷೆಯಲ್ಲಿ ‘ರೇಕನನ್’ ಎಂದರೂ ಅದೇ.

ಇನ್ನೂ ಹಿಂದೆ ಹೋದರೆ, ‘ನೆಟ್ಟಗೆ ಸಾಗು’ ಎಂಬ ಅರ್ಥದ ಒಂದು ಬಹು ಪ್ರಾಚೀನ ಧಾತುವಿನಿಂದ ಇದು ಬಂತೆಂದು ಭಾಷಾಪಂಡಿತರು ಹೇಳುತ್ತಾರೆ. ಜನರನ್ನು ನೆಟ್ಟಗಿನ ದಾರಿಯಲ್ಲಿ ನಡೆಸುವವನು ‘ರಾಜ’, ನೆಟ್ಟಗಿರುವುದು ‘ಋಜು’. ಈ ಎರಡು ಸಂಸ್ಕೃತ ಶಬ್ದಗಳೂ ಅದೇ ಧಾತುವಿನ ಮಕ್ಕಳಂತೆ. ಲೆಕ್ಕ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ವಂಶಾವಳಿ ಬೇಕೇ? ಲೆಕ್ಕ ನೆಟ್ಟಗಿರಬೇಕು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

16ನೆಯ ಶತಮಾನದ ಹೊತ್ತಿಗೆ ‘ರೆಕನ್’ ಶಬ್ದಕ್ಕೆ ‘ಭಾವಿಸು, ಅಂದುಕೊಳ್ಳು’ ಎಂಬ ಅರ್ಥ ಬಂತು. ಮನಸ್ಸಿನೊಳಗೆ ಕೂಡಿಸಿ ಕಳೆದು ಒಂದು ತೀರ್ಮಾನಕ್ಕೆ ಬರುವುದೂ ಲೆಕ್ಕವೇ ತಾನೆ? ಆಗ ಇಂಗ್ಲೆಂಡಿನ ದೊಡ್ಡ ಬರಹಗಾರರೂ ‘ಐ ರೆಕನ್’ ಎಂದು ಬರೆಯುತ್ತಿದ್ದರು. ಬರಬರುತ್ತಾ ಅದು ಹಳ್ಳಿಗರ ಮಾತು, ಹಳೇ ಕಾಲದ ಮಾತು ಎನಿಸಿಕೊಂಡಿತು. ಆದರೂ ಅಮೆರಿಕದ ದಕ್ಷಿಣ ಭಾಗದಲ್ಲಿ, ಆಸ್ಟ್ರೇಲಿಯದಲ್ಲಿ ಜನರ ಬಾಯಲ್ಲಿ ಗಟ್ಟಿಯಾಗಿ ಉಳಿಯಿತು. 1876ರಲ್ಲಿ ಅಚ್ಚಾದ ‘ಟಾಮ್ ಸಾಯರ್’ ಮಿಸಿಸಿಪಿ ನದಿಯ ದಂಡೆಯ ಹುಡುಗರ ಕಥೆ. ಅವರು ಆಡುತ್ತಿದ್ದದ್ದು ತಮ್ಮ ಮನೆಯ ಮಾತು.

ಈಗ ನಮ್ಮ ಶಬ್ದ ನೋಡಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿಯೂ ‘ಎಣಿಸು’ ಶಬ್ದಕ್ಕೆ ಎರಡೂ ಅರ್ಥಗಳಿವೆ. ‘ಎಣಿಕೆ’ ಎಂದರೆ ಲೆಕ್ಕವೂ ಹೌದು, ಆಲೋಚನೆಯೂ ಹೌದು. ತಮಿಳಿನಲ್ಲಿ ‘ಎಣ್’ ಎಂದರೆ ಸಂಖ್ಯೆ, ‘ಎಣ್ಣಂ’ ಎಂದರೆ ಆಲೋಚನೆ. ‘ತಾನೊಂದು ಎಣಿಸಿದರೆ ದೈವವೊಂದು ಎಣಿಸಿತು’ ಎಂಬ ಗಾದೆಯಲ್ಲಿ ಎಣಿಸಿದ್ದು ಬೆರಳುಗಳನ್ನಲ್ಲ. ಇಂಗ್ಲಿಷಿಗೂ ಕನ್ನಡಕ್ಕೂ ನಂಟಸ್ತಿಕೆ ಇಲ್ಲ. ಒಂದು ಹುಟ್ಟಿದ್ದು ಅಲ್ಲಿ, ಒಂದು ಹುಟ್ಟಿದ್ದು ಇಲ್ಲಿ. ಆದರೂ ಎರಡು ಭಾಷೆಯ ಜನರೂ ಲೆಕ್ಕಕ್ಕೂ ಯೋಚನೆಗೂ ಒಂದೇ ಶಬ್ದ ಸಾಕು ಎಂದುಕೊಂಡರು!

ಇನ್ನೊಂದು ಸೋಜಿಗ. ಬ್ಯಾಂಕಿನಲ್ಲಿ ಹಣ ಕೊಡುವ ಗುಮಾಸ್ತನನ್ನು ‘ಟೆಲ್ಲರ್’ ಎನ್ನುತ್ತಾರೆ. ಅವನು ಯಾರಿಗೆ ಏನು ಹೇಳುತ್ತಾನೆ? ಏನೂ ಇಲ್ಲ. ‘ಟೆಲ್’ ಶಬ್ದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಎಣಿಸು ಎಂಬ ಅರ್ಥವೂ ಇತ್ತು. ಟೆಲ್ಲರ್ ಎಂದರೆ ಎಣಿಸುವವನು. ನಾನು ಎಷ್ಟೋ ವರ್ಷ ಆ ಕುರ್ಚಿಯಲ್ಲಿ ಕೂತರೂ ಇದು ಗೊತ್ತಾದದ್ದು ನಿವೃತ್ತನಾದ ಮೇಲೆ.

ಊಟದ ಬಿಲ್ಲು, ಮೇಜಿನ ಪುಸ್ತಕ

ಹಿಂದೆ ಇಂಗ್ಲೆಂಡಿನ ಛತ್ರಗಳಲ್ಲಿ ಉಂಡು ಮಲಗಿದವರಿಗೆ ಕೊಡುತ್ತಿದ್ದ ಬಿಲ್ಲಿಗೆ ‘ರೆಕನಿಂಗ್’ ಎಂದೇ ಹೆಸರು. 1593ರಲ್ಲಿ ಕ್ರಿಸ್ಟೋಫರ್ ಮಾರ್ಲೋ ಎಂಬ ಪ್ರಸಿದ್ಧ ನಾಟಕಕಾರ ಡೆಪ್ಟ್‌ಫರ್ಡ್ ಎಂಬಲ್ಲಿ ಇಂಥ ಒಂದು ರೆಕನಿಂಗ್ ಯಾರು ಕೊಡಬೇಕೆಂಬ ಜಗಳದಲ್ಲಿ ಸತ್ತನೆಂದು ಆಗಿನ ವಿಚಾರಣೆಯ ಕಾಗದ ಹೇಳುತ್ತದೆ. ಛತ್ರದ ಯಜಮಾನನನ್ನು ಕೇಳದೆ ತಾನೇ ಬಿಲ್ಲು ಊಹಿಸಿಕೊಂಡವನ ಲೆಕ್ಕ ತಲೆಕೆಳಗಾಗುತ್ತದೆಂದು ಇಂಗ್ಲಿಷಿನಲ್ಲಿ ಒಂದು ಗಾದೆಯ ಮಾತೂ ಇದೆ. ‘ನನ್ನ ಎಣಿಕೆ ತಪ್ಪಿತು’ ಎಂದು ನಾವು ಹೇಳುವುದಿಲ್ಲವೇ, ಹಾಗೆ.

ಇನ್ನು ರೆಡಿ ರೆಕನರ್. ಸಿದ್ಧ ಲೆಕ್ಕದ ಪುಸ್ತಕ ಎನ್ನಬಹುದು. 18ನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ವ್ಯಾಪಾರಿಗಳು ಇಂಥ ಪುಸ್ತಕ ಇಟ್ಟುಕೊಳ್ಳುತ್ತಿದ್ದರು. ಅಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗು, 20 ಶಿಲ್ಲಿಂಗಿಗೆ ಒಂದು ಪೌಂಡು. ನಮ್ಮಲ್ಲಿ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಸೇರಿಗೆ 3 ಆಣೆ 6 ಪೈಯಂತೆ 17 ಸೇರಿಗೆ ಎಷ್ಟು? ಮಕ್ಕಳೇ, ಮೊಬೈಲ್ ಮುಟ್ಟದೆ ಮಾಡಿ ನೋಡಿ. ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ. (ಉತ್ತರ: 3 ರೂಪಾಯಿ 11 ಆಣೆ 6 ಪೈ.) ಇಂಥ ಲೆಕ್ಕಗಳಿಗೆಂದೇ ನಾವು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಬಾಯಿಪಾಠ ಮಾಡುತ್ತಿದ್ದೆವು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಬಂದಾಗ ನಾನಿನ್ನೂ ಚಿಕ್ಕ ಹುಡುಗ. ಅಂಗಡಿಗೆ ಹೋದ ದೊಡ್ಡವರೂ ತಲೆ ಕೆರೆದುಕೊಂಡು ನಿಂತದ್ದು ನೆನಪಿದೆ.

1973ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬಡ್ಡಿ ಲೆಕ್ಕಕ್ಕೆ ರೆಡಿ ರೆಕನರೇ ಗತಿ. 1,250 ರೂಪಾಯಿಗೆ ನೂರಕ್ಕೆ ಐದರಂತೆ 73 ದಿನಕ್ಕೆ ಬಡ್ಡಿ ಎಷ್ಟು? ಪುಟ ತಿರುಗಿಸಿ, ಸಾಲಿನ ಮೇಲೆ ಅಡಿಪಟ್ಟಿ ಇಟ್ಟರೆ ಉತ್ತರ ಸಿದ್ಧ: 12 ರೂಪಾಯಿ 50 ಪೈಸೆ. ಜಾಣ ಮಕ್ಕಳಿಗೆ ಪುಸ್ತಕವೂ ಬೇಡ. 73 ದಿನ ಎಂದರೆ ವರ್ಷದ ಐದನೆಯ ಒಂದು ಭಾಗ. ಉಳಿದದ್ದು ನೀವೇ ಮಾಡಿ. ಆ ಪುಸ್ತಕ ಈಗ ಕಾಣೆಯಾಗಿದೆ, ಹೆಸರು ಮಾತ್ರ ಉಳಿದಿದೆ. ಮುಂಬಯಿ ಕಡೆ ಮನೆ, ಜಾಗ ನೋಂದಣಿಗೆ ಸರಕಾರ ಗೊತ್ತುಮಾಡುವ ದರಪಟ್ಟಿಯನ್ನು ಜನ ಇಂದಿಗೂ ರೆಡಿ ರೆಕನರ್ ಎಂದೇ ಕರೆಯುತ್ತಾರೆ. ನಮ್ಮಲ್ಲಿ ಅದು ಮಾರ್ಗಸೂಚಿ ದರ.

ಹಡಗಿನ ಲೆಕ್ಕ, ಇರುವೆಯ ಲೆಕ್ಕ

ಈ ಶಬ್ದ ಸಮುದ್ರಕ್ಕೂ ಹೋಯಿತು. ಸುತ್ತ ನೀರು, ಮೇಲೆ ಆಕಾಶ. ಹಡಗು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಹೊರಟ ಜಾಗ ಗೊತ್ತು, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಬಂದೆವೆಂಬುದೂ ಗೊತ್ತು. ಅಷ್ಟರಿಂದ ಈಗಿರುವ ಜಾಗವನ್ನು ಲೆಕ್ಕ ಹಾಕುವುದಕ್ಕೆ ‘ಡೆಡ್ ರೆಕನಿಂಗ್’ ಎಂದು ಹೆಸರು. 1492ರಲ್ಲಿ ಕೊಲಂಬಸ್ ಮುಖ್ಯವಾಗಿ ಇದನ್ನೇ ನಂಬಿ ಅಟ್ಲಾಂಟಿಕ್ ದಾಟಿದ.

ಮುಂದಿನ ಕಾಲದ ನಾವಿಕರು ವೇಗ ಅಳೆಯಲು ಒಂದು ಉಪಾಯ ಮಾಡಿದ್ದರು. ಹಗ್ಗದ ತುದಿಗೆ ಮರದ ಹಲಗೆ ಕಟ್ಟಿ ನೀರಿಗೆ ಬಿಡುವುದು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವೋ ಅಷ್ಟು ವೇಗ. ಹಡಗಿನ ವೇಗವನ್ನು ಇಂದಿಗೂ ‘ನಾಟ್’, ಅಂದರೆ ಗಂಟು, ಎಂದು ಹೇಳುವುದು ಅದಕ್ಕೇ.

ಸಹಾರಾ ಮರುಭೂಮಿಯ ಒಂದು ಜಾತಿಯ ಇರುವೆ ಕೂಡ ಹೀಗೆಯೇ ಲೆಕ್ಕ ಇಡುತ್ತದೆ. ಆಹಾರ ಹುಡುಕುತ್ತಾ ಅತ್ತಿತ್ತ ಸುತ್ತಿ ಹೋಗುತ್ತದೆ, ಸಿಕ್ಕಿದ ಕೂಡಲೇ ಗೂಡಿಗೆ ನೇರ ದಾರಿ ಹಿಡಿಯುತ್ತದೆ. ವಿಜ್ಞಾನಿಗಳು ಅಂಥ ಇರುವೆಗಳ ಕಾಲಿಗೆ ಹಂದಿಯ ಬಿರುಗೂದಲು ಅಂಟಿಸಿ ಮರಗಾಲು ಮಾಡಿಕೊಟ್ಟರು. ಹೆಜ್ಜೆ ಉದ್ದವಾಯಿತು. ಪಾಪ, ಇರುವೆಗಳು ಗೂಡನ್ನೂ ದಾಟಿ ಮುಂದೆ ಹೋಗಿ ಅಲ್ಲಿ ಹುಡುಕತೊಡಗಿದವು! ಅವು ಹೆಜ್ಜೆ ಎಣಿಸುತ್ತವೆ ಎಂಬುದಕ್ಕೆ ಇದು ಗುರುತು. 2006ರಲ್ಲಿ ಈ ಪ್ರಯೋಗದ ವರದಿ ಪ್ರಕಟವಾಯಿತು.

ನಾವಿಕನಿಗೂ ಇರುವೆಗೂ ಅನ್ವಯಿಸುವ ಮಾತೊಂದಿದೆ. ಎಣಿಕೆ ಸರಿಯಾಗಿದ್ದರೆ ಮಾತ್ರ ಊಹೆ ಸರಿಯಾಗುತ್ತದೆ. ನಡುವೆ ಒಂದು ಗಂಟು ತಪ್ಪಿದರೂ ಹಡಗು ಬೇರೆ ಊರಿಗೆ. ಈ ಪಾಠವನ್ನು ನನಗೆ ಕಲಿಸಿದವರು ನಾವಿಕರಲ್ಲ, ಬೀಡಿ ಕಟ್ಟುವ ಒಬ್ಬ ಅಮ್ಮ.

ಒಂದು ನೋಟಿನ ಕಥೆ

ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಕರಾವಳಿಯ ಒಂದು ಸಣ್ಣ ಶಾಖೆಯಲ್ಲಿ ನಗದು ಕೌಂಟರಿನಲ್ಲಿದ್ದೆ. ಮಳೆಗಾಲಕ್ಕೆ ಹದಿನೈದು ದಿನ ಇರಬಹುದು. ಅರುವತ್ತು ದಾಟಿದ ಒಬ್ಬ ಅಮ್ಮ ಬಂದರು. ಬೀಡಿ ಕಟ್ಟಿ ಕೂಡಿಟ್ಟ ದುಡ್ಡಿನಲ್ಲಿ ಐನೂರು ರೂಪಾಯಿ ಬೇಕಿತ್ತು. ಮನೆಯ ಮಾಡಿಗೆ ಹಂಚು ಹೊದಿಸಬೇಕು, ಆಳುಗಳಿಗೆ ಕೊಡಲು ಐದರ ನೋಟೇ ಆಗಬೇಕು ಎಂದರು.

ಕೌಂಟರಿನ ಮುಂದೆ ಉದ್ದ ಸಾಲು. ಪೆಟ್ಟಿಗೆಯಲ್ಲಿ ಐದರ ನೋಟಿನ ಕಟ್ಟುಗಳಿದ್ದವು. ಒಂದು ಕಟ್ಟಿಗೆ ನೂರು ನೋಟು, ಪಿನ್ನು ಹೊಡೆದು, ಮೇಲೆ ಎಣಿಸಿದವರ ಸಹಿಯಿರುವ ಚೀಟಿ. ಕಟ್ಟನ್ನು ಹಾಗೆಯೇ ಎತ್ತಿ ಕೊಟ್ಟೆ.

ಅರ್ಧ ಗಂಟೆಯ ಮೇಲೆ ಅವರು ಮತ್ತೆ ಕಿಟಕಿಯ ಮುಂದೆ ನಿಂತಿದ್ದರು. “ಮಗಾ, ಒಂದು ನೋಟು ಕಮ್ಮಿ ಇದೆ. ಹೊರಗಿನ ಜಗಲಿಯಲ್ಲಿ ಕೂತು ಮೂರು ಸಲ ಎಣಿಸಿದೆ.”

ನಾನು ಗೋಡೆಯ ಮೇಲಿನ ಬೋರ್ಡು ತೋರಿಸಿದೆ. ಹಣ ಎಣಿಸಿಕೊಂಡ ನಂತರವೇ ಕೌಂಟರ್ ಬಿಡಬೇಕೆಂದು ಅದರಲ್ಲಿ ಬರೆದಿತ್ತು. “ಕೌಂಟರ್ ಬಿಟ್ಟ ಮೇಲೆ ನಾವು ಜವಾಬ್ದಾರರಲ್ಲ ಅಮ್ಮಾ.”

“ನನಗೆ ಓದಲು ಬರುವುದಿಲ್ಲ. ನೀನು ಎಣಿಸಿ ಕೊಟ್ಟೆಯಾ?”

“ನೂರು ಇದೆ ಎಂದೇ ಎಣಿಸಿದ್ದೆ.”

ಅವರು ನನ್ನ ಮುಖವನ್ನೇ ನೋಡಿದರು. “ಎಣಿಸಿದ್ದು ಬೆರಳಿನಲ್ಲೋ ಮಗಾ, ತಲೆಯಲ್ಲೋ?”

ನನ್ನ ಬಳಿ ಉತ್ತರ ಇರಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದ್ದರು. “ಮುಂದಿನವರು ಬನ್ನಿ” ಎಂದೆ. ಅವರು ತೊಂಬತ್ತೊಂಬತ್ತು ನೋಟುಗಳನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದರು. ದಿನವಿಡೀ ಬೆನ್ನು ಬಗ್ಗಿಸಿ ಬೀಡಿ ಕಟ್ಟುವವರಿಗೆ ಆ ಕಾಲದಲ್ಲಿ ಐದು ರೂಪಾಯಿ ಸಣ್ಣ ಮೊತ್ತವಲ್ಲ. ಸಂಜೆ ನನ್ನ ನಗದು ಪೈಸೆಗೆ ಪೈಸೆ ಸರಿಯಾಯಿತು. ಆಗಲೇಬೇಕಲ್ಲ, ಕಟ್ಟಿನಲ್ಲಿ ನೂರು ಇದೆ ಎಂದೇ ನಾನು ಪುಸ್ತಕದಲ್ಲಿ ಬರೆದದ್ದು. ಪುಸ್ತಕ ಸರಿಯಿತ್ತು, ನಾನು ಸರಿಯಿರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನದಿಂದ ಪ್ರತಿಯೊಂದು ಕಟ್ಟನ್ನೂ ಒದ್ದೆ ಸ್ಪಂಜಿಗೆ ಬೆರಳು ಮುಟ್ಟಿಸಿ ನಾನೇ ಎಣಿಸತೊಡಗಿದೆ. ಮೂರನೆಯ ದಿನ, ಅದೇ ಸಹಿಯ ಇನ್ನೊಂದು ಕಟ್ಟು ಕೈಗೆ ಬಂತು. ಎಣಿಸಿದೆ: ನೂರ ಒಂದು. ಮತ್ತೆ ಎಣಿಸಿದೆ: ನೂರ ಒಂದು. ಯಾರೋ ಅವಸರದಲ್ಲಿ ಒಂದು ನೋಟನ್ನು ಆ ಕಟ್ಟಿಗೆ ಸೇರಿಸುವ ಬದಲು ಈ ಕಟ್ಟಿಗೆ ಸೇರಿಸಿದ್ದರು. ಅಧಿಕಾರಿಯ ಬಳಿ ಹೋಗಿ ನಡೆದದ್ದೆಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಹೆಚ್ಚಾದ ಹಣಕ್ಕೆ ಚೀಟಿ ಬರೆಸಿ, ಸಹಿ ಹಾಕಿ, “ನೀವೇ ತಲುಪಿಸಿ ಬನ್ನಿ” ಎಂದರು.

ಭಾನುವಾರ ಬಸ್ಸು ಇಳಿದು, ಗದ್ದೆಯ ಹುಣಿಯ ಮೇಲೆ ನಡೆದು ಅವರ ಮನೆ ಹುಡುಕಿದೆ. ಮಾಡಿನ ಅರ್ಧಕ್ಕೆ ಹೊಸ ಹಂಚು ಬಂದಿತ್ತು. ಅವರು ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನು ನೋಟನ್ನು ಮುಂದೆ ಹಿಡಿದು, “ತಪ್ಪು ನನ್ನದೇ ಅಮ್ಮಾ” ಎಂದೆ.

ಅವರು ಕೈ ಒರೆಸಿಕೊಂಡು ನೋಟನ್ನು ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿ, ಗಟ್ಟಿಯಾಗಿ, “ಒಂದು” ಎಂದು ಎಣಿಸಿದರು. ಆಮೇಲೆ ನಕ್ಕು, ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು.

ಮುಂದೆ ನಿವೃತ್ತನಾಗುವ ತನಕ, ಯಾರ ಸಹಿ ಇದ್ದರೂ ಎಣಿಸದೆ ಒಂದು ಕಟ್ಟನ್ನೂ ನಾನು ಕೈಯಿಂದ ಕೈಗೆ ದಾಟಿಸಲಿಲ್ಲ.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಈ ಕಥೆ ಕೇಳಿ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮತ್ತೆ, “ಹಾಗಾದರೆ ಮೊದಲು ಬೆರಳಿನಲ್ಲಿ ಎಣಿಸಬೇಕು, ಆಮೇಲೆ ತಲೆಯಲ್ಲಿ ಎಣಿಸಬೇಕು, ಅಲ್ಲವಾ ಅಜ್ಜ?” ಎಂದಳು. ನಾನು ಎರಡು ಪುಟ ಬರೆದರೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಯಾರನ್ನೋ ಕಳ್ಳ ಎಂದು ಎಣಿಸುವ ಮೊದಲು, ಗೆಳತಿ ಬೇಕೆಂದೇ ಮಾತು ಬಿಟ್ಟಳು ಎಂದು ಎಣಿಸುವ ಮೊದಲು, ಕಣ್ಣಾರೆ ಕಂಡದ್ದೆಷ್ಟು, ಕಿವಿಯಾರೆ ಕೇಳಿದ್ದೆಷ್ಟು ಎಂದು ಬೆರಳು ಮಡಚಿ ನೋಡಿಕೊಳ್ಳಿ. ಎಷ್ಟೋ ಸಲ ಕಟ್ಟಿನಲ್ಲಿ ನೂರು ಇರುವುದೇ ಇಲ್ಲ.

ರೆಕನ್ ಶಬ್ದಕ್ಕೆ ಮೂರನೆಯ ಅರ್ಥವೊಂದಿದೆ: ಒಬ್ಬರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ನಮ್ಮಲ್ಲಿಯೂ ‘ಗಣಿಸು’ ಎಂದರೆ ಎಣಿಸು. ಎಣಿಕೆಗೆ ಬರುವವರು ‘ಗಣ್ಯರು’. ಮಕ್ಕಳ ಆಟದಲ್ಲಿ ಮಾತ್ರ ಒಬ್ಬ ಪುಟ್ಟ ತಮ್ಮನೋ ತಂಗಿಯೋ ಇರುತ್ತಾರೆ, ಆಟಕ್ಕುಂಟು, ಲೆಕ್ಕಕ್ಕಿಲ್ಲ! ಅವರು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ವಯಸ್ಸಾದ ಮೇಲೆ ನಮ್ಮಂಥವರಿಗೂ ಒಮ್ಮೊಮ್ಮೆ ಹಾಗೆ ಅನಿಸುವುದುಂಟು. ಮನೆಯಲ್ಲಿ ಇದ್ದೇವೆ, ಮಾತುಕತೆಯಲ್ಲಿ ಇಲ್ಲ.

ಆದ್ದರಿಂದ ಮಕ್ಕಳೇ, ಈ ವಾರ ಒಂದು ಆಟ ಆಡಿ. ನಿಮ್ಮ ಅಜ್ಜ ಅಜ್ಜಿಯ ಮಾತಿನಲ್ಲಿ ‘ಎಣಿಸು’ವಿನ ಹಾಗೆ ಎರಡೆರಡು ಅರ್ಥ ಇರುವ ಶಬ್ದಗಳನ್ನು ಹುಡುಕಿ. ಸಿಕ್ಕಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ಆದರೆ ಅವರಿಗೆ ಗೊತ್ತಿಲ್ಲ ಎಂದು ತಲೆಯಲ್ಲೇ ಎಣಿಸಬೇಡಿ, ಹತ್ತಿರ ಕೂತು ಕೇಳಿ ನೋಡಿ.

ನಮ್ಮ ಮನೆಯ ಪುಸ್ತಕದಲ್ಲಿ ಈಗ ಹದಿನೇಳು ಶಬ್ದಗಳಾಗಿವೆ. ಮೊಮ್ಮಗಳೇ ಬರೆದದ್ದು. ಎಣಿಸಿಯೇ ಹೇಳುತ್ತಿದ್ದೇನೆ, ಬೆರಳಿನಲ್ಲಿ.